ಕಪ್ಪೋ, ಬೂದೋ

ಬಾಯ್ಸಿ, ಐಡಾಹೊ
ಸೆಪ್ಟೆಂಬರ್ ೯, ೨೦೧೬

ಅಪ್ಪ,

ಆರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಯೋಗಕ್ಷೇಮಕ್ಕಲ್ಲ, ಒಂದು ಪ್ರಶ್ನೆ ಕೇಳುವುದಕ್ಕೆ. ಫೋನ್ ಮಾಡಬಹುದಿತ್ತು. ಆದರೆ ನಾನೊಂದು ಮಾತು ಹೇಳಿದರೆ ನೀನು ಮೂರು ಸಲ ‘ಏನು’ ಅನ್ನುತ್ತೀಯ. ನಲವತ್ತು ವರ್ಷ ಗುಂಡಿನ ಸದ್ದು ಕುಡಿದ ಕಿವಿಗಳು. ಹಾಗಾಗಿ ಕಾಗದ.

ನನಗೊಂದು ಪಿಸ್ತೂಲು ಬೇಕಾಗಿದೆ. ಒಂಬತ್ತು ಮಿಲಿಮೀಟರಿನದು, ಮೊದಲನೆಯದು. ಈಗಿರುವ ಬಾಡಿಗೆ ಮನೆ ಊರಿನಿಂದ ಆಚೆ ಇದೆ, ಸುತ್ತ ಬೇರೆ ಮನೆಯಿಲ್ಲ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಕಪ್ಪು, ಒಂದು ಬೂದು. ಎರಡಕ್ಕೂ ಅದೇ ಗುಂಡು, ಎರಡರಲ್ಲೂ ಹದಿನೈದು. ಉದ್ದದಲ್ಲಿ ಅರ್ಧ ಬೆರಳಿನ ವ್ಯತ್ಯಾಸ. ಕಪ್ಪು ಸ್ವಲ್ಪ ಭಾರ, ಬೆನ್ನಿನ ಮೇಲಿನ ಸ್ಲೈಡ್ ಹಿಂದಕ್ಕೆ ಎಳೆಯಲು ಬಿಗಿ. ಬೂದು ಬಣ್ಣದ್ದರ ಹಿಡಿ ಸಣ್ಣ, ಸ್ಲೈಡ್ ಸಲೀಸು. ‘ಹೆಂಗಸರೆಲ್ಲ ಬೂದು ಬಣ್ಣದ್ದೇ ತಗೋತಾರೆ ಮೇಡಂ’ ಅಂದ ಅಂಗಡಿಯವನು. ಅವನ ಮಾತು ಕೇಳಲು ಮನಸ್ಸಿಲ್ಲ.

ಬೆರಳಲ್ಲಿ ಅಷ್ಟೇನೂ ಶಕ್ತಿಯಿಲ್ಲದವರಿಗೆ ಯಾವುದು ಸರಿ? ಕಪ್ಪೋ, ಬೂದೋ, ಅಷ್ಟು ಹೇಳು ಸಾಕು. ಬೇರೆ ಯಾವ ವಿಷಯವನ್ನೂ ಬರೆಯಬೇಕಾಗಿಲ್ಲ.

ಟ್ರೂಡಿ


ಹ್ಯಾರೋ ಬೆಂಡ್, ಮೊಂಟಾನಾ
ಸೆಪ್ಟೆಂಬರ್ ೧೫

ಮಗಳೇ ಟ್ರೂಡಿ,

ಅಂಚೆಯವಳು ಲಕೋಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ‘ಬಾಯ್ಸಿಯಿಂದ ಬಂದಿದೆ, ವರ್ಲಿನ್’ ಅಂದಾಗ ನಾನು ಅಂಗಳದಲ್ಲಿ ನಿಂತಿದ್ದೆ. ನಿಂತವನು ಕೂತೆ, ಕೂತವನು ಎದ್ದೆ. ಮೂವತ್ತು ಬೇಸಿಗೆ ಊರ ನಾಟಕದಲ್ಲಿ ಷೆರಿಫನ ಪಾತ್ರ ಹಾಕಿ, ಎದೆಗೆ ಗುಂಡು ತಿಂದು, ಆಮೇಲೆ ಕಾಲು ಗಂಟೆ ಮಾತಾಡಿ ಸತ್ತವನು ನಾನು. ಆ ಲಕೋಟೆ ಹರಿಯುವಾಗ ನನ್ನ ಬಾಯಿಂದ ಒಂದು ಸ್ವರ ಹೊರಡಲಿಲ್ಲ.

ಕಪ್ಪೋ ಬೂದೋ, ಅಷ್ಟು ಹೇಳು ಸಾಕು ಅಂದಿದ್ದೀಯ. ಅಷ್ಟೇ ಹೇಳಿ ಮುಗಿಸಲು ನಾನೇನು ಅಂಗಡಿಯವನೇ? ಕೇಳು. ಮೊದಲು ಹಿಡಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕಣಿವೆ ಪಿಸ್ತೂಲಿನ ಕುತ್ತಿಗೆಗೆ ಹೋಗಿ ಅಂಟಬೇಕು. ನಳಿಗೆಯೂ ಮುಂಗೈಯ ಮೂಳೆಯೂ ಒಂದೇ ಗೆರೆಯಲ್ಲಿ ಬರಬೇಕು. ಟ್ರಿಗರಿನ ಮೇಲೆ ಬೆರಳ ತುದಿಯ ಮೆತ್ತೆ ಕೂರಬೇಕು, ಗೆಣ್ಣು ಅಲ್ಲ. ಆಮೇಲೆ ಸ್ಲೈಡ್. ಅಂಗಡಿಯವನ ಮುಂದೆ ಒಂದು ಸಲ ಎಳೆದು ಕೈಬಿಡಬೇಡ, ಹತ್ತು ಸಲ ಎಳೆ. ಹತ್ತನೆಯದಕ್ಕೆ ಭುಜ ಬೇಡವೆನ್ನುತ್ತದೆಯೇ, ಮನಸ್ಸು ಬೇಡವೆನ್ನುತ್ತದೆಯೇ, ನೋಡಿಕೋ. ಅಂಗಡಿಯಲ್ಲಿ ಹಿತವಾದ ಬೂಟು ಮೂರನೆಯ ಮೈಲಿಗೆ ಕಚ್ಚುತ್ತದೆ.

ನನ್ನ ಪಿಸ್ತೂಲು ತರಗತಿಯ ಕಟ್ಟಳೆ ನಿನಗೆ ಗೊತ್ತು. ಗುಂಡು ಹಾರಿಸುವ ರೇಂಜಿನಲ್ಲಿ ಎರಡನ್ನೂ ಬಾಡಿಗೆಗೆ ತೆಗೆದುಕೊಂಡು, ಏಳು ಗಜ ದೂರದಿಂದ ಎರಡರಲ್ಲೂ ಐವತ್ತೈವತ್ತು ಗುಂಡು ಹಾರಿಸಬೇಕು. ಗುರಿಯ ಹಾಳೆಗಳನ್ನು ನನ್ನ ಮುಂದೆ ಇಡಬೇಕು. ನಾನು ತೂತುಗಳನ್ನು ಓದಿ, ಹಾಳೆಯ ಬೆನ್ನಿಗೆ ತೀರ್ಪು ಬರೆದು ಸಹಿ ಹಾಕುತ್ತೇನೆ. ಈ ಊರಿನ ಅರ್ಧ ಹೆಂಗಸರ ಫ್ರಿಜ್ ಬಾಗಿಲ ಮೇಲೆ ನನ್ನ ಸಹಿ ಇದೆ. ನಿನ್ನ ಹಾಳೆಗಳನ್ನೂ ಕಳಿಸು.

ಹೆದರಬೇಡ. ಹೆದರಿದರೆ ಏನಾಗುತ್ತದೆ ಎನ್ನಲು ನಿನ್ನ ಅಮ್ಮನೇ ಸಾಕ್ಷಿ. ಮದುವೆಯಾದ ವರ್ಷ, ಇಡೀ ಬಂದೂಕು ಕ್ಲಬ್ಬು ನೋಡುತ್ತಿದೆ, ನವವಧು ಪಿಸ್ತೂಲು ಎತ್ತಿದಳು, ಎರಡೂ ಕಣ್ಣು ಮುಚ್ಚಿದಳು, ಢಂ ಎಂದಿತು. ಗುರಿ ನಗುತ್ತಾ ನಿಂತಿದೆ, ಪಕ್ಕದ ಮರದ ಕಂಬ ಸೀಳಿ ಎರಡಾಗಿದೆ. ಕ್ಲಬ್ಬಿನ ಡಿಸೆಂಬರ್ ಊಟದಲ್ಲಿ ಜನ ಈಗಲೂ ‘ಕಂಬದ ಕಥೆ ಹೇಳಪ್ಪ’ ಅನ್ನುತ್ತಾರೆ.

ಅವಳು ಹೇಗಿದ್ದಾಳೆ ಎಂದು ನಾನು ಕೇಳುವುದಿಲ್ಲ. ಕೇಳಲಿಲ್ಲ ಎಂದು ಅವಳಿಗೆ ತಿಳಿಸು.

ನಿನ್ನ ಅಪ್ಪ,
ವರ್ಲಿನ್ ಹಾಲ್‌ಸ್ಟೆಡ್


ಬಾಯ್ಸಿ
ಅಕ್ಟೋಬರ್ ೨

ಅಪ್ಪ,

ಎರಡು ಹಾಳೆ ಇಟ್ಟಿದ್ದೇನೆ. ಮೂಲೆಯಲ್ಲಿ ಯಾವುದು ಯಾವುದರದು ಎಂದು ಬರೆದಿದೆ. ಐವತ್ತು ಆಗಲಿಲ್ಲ. ಕಪ್ಪಿನಲ್ಲಿ ಹದಿನೆಂಟು, ಬೂದಿನಲ್ಲಿ ಇಪ್ಪತ್ತೆರಡು. ಕಪ್ಪು ನಾಲ್ಕು ಸಲ ಸಿಕ್ಕಿಕೊಂಡಿತು, ಖಾಲಿ ಕಾಡತೂಸು ಹೊರಗೆ ಹಾರದೆ ಬಾಯಲ್ಲೇ ನಿಂತುಬಿಟ್ಟಿತು. ಬೂದು ಒಂದು ಸಲವೂ ಸಿಕ್ಕಲಿಲ್ಲ.

ಕಂಬದ ಕಥೆಯನ್ನು ಇನ್ನೊಮ್ಮೆ ಬರೆಯಬೇಡ. ಆರು ವರ್ಷದ ಹಿಂದೆ ಅದೇ ಊಟದಲ್ಲಿ, ಅದೇ ಕಥೆಗೆ ಎಲ್ಲರೂ ಮೇಜು ಬಡಿದು ನಗುತ್ತಿದ್ದಾಗ ಅಮ್ಮ ಎದ್ದು ಹೊರಗೆ ಹೋದಳು. ನೀನು ಕಥೆ ಮುಗಿಸಿಯೇ ತಿರುಗಿ ನೋಡಿದೆ.

ಟ್ರೂಡಿ


ಹ್ಯಾರೋ ಬೆಂಡ್
ಅಕ್ಟೋಬರ್ ೮

ಟ್ರೂಡಿ,

ಹಾಳೆಗಳನ್ನು ಅಡಿಗೆಮನೆಯ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕು ತೂತುಗಳಲ್ಲಿ ಬಂತು. ನಾನು ಓದಿದೆ. ಓದಿ ಕಾಫಿಯ ಲೋಟ ಎಲ್ಲಿಟ್ಟೆನೋ ಈಗಲೂ ಗೊತ್ತಿಲ್ಲ.

ಬಲಗೈಯವರು ಟ್ರಿಗರನ್ನು ಕಿತ್ತೆಳೆದರೆ ಗುಂಡು ಕೆಳಗೆ ಎಡಕ್ಕೆ ಬೀಳುತ್ತದೆ. ನೀನು ಬಲಗೈಯವಳು. ಈ ತೂತುಗಳೆಲ್ಲ ಕೆಳಗೆ ಬಲಕ್ಕೆ ಕೂತಿವೆ. ಇದನ್ನು ಹಾರಿಸಿದ್ದು ಎಡಗೈ. ನನ್ನ ಇಡೀ ಬದುಕಿನಲ್ಲಿ ನಿನ್ನ ಮನೆಯೊಳಗೆ ಇರಬಹುದಾದ ಎಡಗೈಯವರು ಒಬ್ಬರೇ.

ಲೈಲ್‌ನ ಅಂಗಡಿಗೆ ಹೋಗಿ ಗಾಜಿನ ಪೆಟ್ಟಿಗೆಯ ಮೇಲೆ ಹಾಳೆ ಹರಡಿದೆ. ಬಂದೂಕು ಮಾರಿ ಮಾರಿ ಮುದುಕನಾದವನು, ಅವನಿಗೂ ಓದಲು ಬರುತ್ತದೆ. ಬಹಳ ಹೊತ್ತು ನೋಡಿದ. ‘ಇದು ನಿನ್ನ ಆರ್ಡಿಸ್ ಕಣೋ’ ಅಂದ. ಹೌದು ಅಂದೆ. ‘ಮತ್ತೆ ಇಲ್ಲೇನು ಮಾಡ್ತಾ ಇದ್ದೀಯ, ಗಾಡಿ ಹತ್ತೋ ಮುದಿಯ’ ಅಂದ. ಗುರುವಿಗೊಂದು ಮರ್ಯಾದೆ ಇದೆ ಎಂದು ಹೇಳಿ ಬಂದೆ.

ಆದ್ದರಿಂದ ನಿನ್ನ ಮನೆಯ ಆ ಎಡಗೈ ಶಿಷ್ಯೆಗೆ ಹೇಳು. ತೀರ್ಪು ಹೀಗಿದೆ. ಕಪ್ಪು ಸಿಕ್ಕಿಕೊಂಡದ್ದು ಪಿಸ್ತೂಲಿನ ತಪ್ಪಲ್ಲ, ಮಣಿಕಟ್ಟಿನ ತಪ್ಪು. ಕೈ ಸಡಿಲವಾದರೆ ಸ್ಲೈಡಿಗೆ ಒದೆಯಲು ಗೋಡೆಯೇ ಇರುವುದಿಲ್ಲ, ಕಾಡತೂಸು ಹೊರಗೆ ಹಾರುವುದಿಲ್ಲ. ತೂತುಗಳು ಹೀಗೆ ಅಗಲಕ್ಕೆ ಚೆಲ್ಲಿರುವುದು ಹೆದರಿಕೆ. ಸದ್ದು ಬರುವ ಮುಂಚೆಯೇ ಕೈ ಸದ್ದಿಗೆ ಬೆಚ್ಚುತ್ತಿದೆ. ಮದ್ದು ಒಂದೇ. ದಿನಕ್ಕೆ ಇನ್ನೂರು ಸಲ ಖಾಲಿ ಟ್ರಿಗರ್ ಎಳೆಯಬೇಕು. ನೆಪ ಹೇಳಕೂಡದು, ಬೇಸರ ಪಡಕೂಡದು. ಕಪ್ಪೋ ಬೂದೋ ಎಂಬುದು ಆಮೇಲಿನ ಮಾತು. ಕೈ ತಿದ್ದಿಕೊಳ್ಳದವಳಿಗೆ ಯಾವುದನ್ನು ಕೊಟ್ಟರೇನು?

ಹತ್ತು ಗುಂಡು ಒಂದು ಅಂಗೈ ಅಗಲದೊಳಗೆ ಬೀಳಲಿ. ಬಿದ್ದ ದಿನ ನಾನೇ ಬಾಯ್ಸಿಗೆ ಬಂದು ಹಾಳೆಗೆ ಸಹಿ ಹಾಕುತ್ತೇನೆ.

ವರ್ಲಿನ್


ಬಾಯ್ಸಿ
ಅಕ್ಟೋಬರ್ ೨೬

ಅಪ್ಪ,

ಹೌದು, ಅಮ್ಮನೇ.

ನಿನ್ನ ಕಾಗದವನ್ನು ಮೊದಲು ತಾನೇ ಓದಿದಳು. ನೀನು ಬೈದ ಕಡೆಯೆಲ್ಲ ನಕ್ಕಳು. ಆಮೇಲೆ ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು, ನಿಮ್ಮಪ್ಪನ ಹಾಗೆ ಓದು ಅಂದಳು. ನಾನು ದನಿ ಏರಿಸಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವಳು ತಡೆದಳು. ‘ಹಾಗಲ್ಲ. ನಿಮ್ಮಪ್ಪ ಬೈಯೋ ಮುಂಚೆ ಒಂದು ಉಸಿರು ತಗೋತಾನೆ. ನೀನು ಅದನ್ನ ಬಿಟ್ಟೆ’ ಅಂದಳು. ಮೊದಲಿಂದ ಓದಿಸಿದಳು. ಮಾರನೆಯ ದಿನವೂ ಓದಿಸಿದಳು.

ರೇಂಜಿನ ಹೆಂಗಸು ಅಭ್ಯಾಸಕ್ಕೆ ಒಂದು ನೀಲಿ ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟಿದ್ದಾಳೆ. ಟ್ರಿಗರ್ ಮಾತ್ರ ನಿಜವಾದದ್ದರ ಹಾಗೆ ಬಿಗಿ. ಅಮ್ಮ ದಿನವೂ ಬೆಳಿಗ್ಗೆ ಹಾಸಿಗೆಯ ಅಂಚಿಗೆ ಕೂತು ಎಳೆಯುತ್ತಾಳೆ. ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತಾಳೆ. ಇನ್ನೂರು ಆಗುವುದಿಲ್ಲ. ಎಷ್ಟಾಗುತ್ತದೆ ಎಂದು ಬರೆಯಬೇಡ ಅಂದಿದ್ದಾಳೆ.

ಬರೆಯಬೇಡ ಅಂದಿರುವುದು ಇನ್ನೂ ಒಂದಿದೆ. ಮಾತು ಕೊಟ್ಟಿದ್ದೇನೆ. ಹೊಸ ಹಾಳೆ ಇಟ್ಟಿದ್ದೇನೆ, ಎಂಟೇ ತೂತು. ಅಂಗೈ ಅಗಲಕ್ಕೆ ಕಾಯಬೇಡ ಅಪ್ಪ. ಬಾ.

ಟ್ರೂಡಿ


ಹ್ಯಾರೋ ಬೆಂಡ್
ನವೆಂಬರ್ ೩

ಟ್ರೂಡಿ,

ಬಾ ಅಂದೆಯಲ್ಲ, ಆ ಒಂದು ಅಕ್ಷರ ಓದಿ ಗಾಡಿಯ ಬೀಗದ ಕೈ ಜೇಬಿಗೆ ಹಾಕಿಕೊಂಡದ್ದು ನಿಜ. ಬಾಗಿಲವರೆಗೆ ಹೋದದ್ದೂ ನಿಜ. ಆಮೇಲೆ ನಿಂತೆ.

ಕರೆದವಳು ನೀನು. ಆರು ವರ್ಷದ ಹಿಂದೆ ಒಂದು ಮಾತು ಹೇಳದೆ, ಊಟಕ್ಕೆಂದು ಹಾಕಿದ್ದ ಹಬ್ಬದ ಚಪ್ಪಲಿಯಲ್ಲೇ ಮಂಜು ತುಳಿದುಕೊಂಡು ಹೋದವಳು ಅವಳು. ಮುನ್ನೂರು ಜನರ ಊರಿನಲ್ಲಿ ನಾನು ಹೇಗೆ ತಲೆಯೆತ್ತಿ ನಡೆದೆ ಎಂದು ಅವಳು ಕೇಳಿದಳೇ? ಎಲ್ಲರೂ ಒಳ್ಳೆಯವರೇ, ಎಲ್ಲರೂ ಆಲೂಗೆಡ್ಡೆ, ಮಾಂಸ ಬೇಯಿಸಿ ಹಾಟ್‌ಡಿಶ್ ಮಾಡಿ ಬಾಗಿಲಿಗೆ ತಂದುಕೊಟ್ಟವರೇ. ಸತ್ತವರ ಮನೆಗೆ ತರುವ ಹಾಗೆ. ಮಗಳು ಕರೆದಳು ಎಂದು ಓಡಿಬಂದು, ಅವಳು ಬಾಗಿಲಲ್ಲಿ ನಿಂತು ‘ನಿನ್ನನ್ನ ಯಾರು ಕರೆದರು’ ಅಂದರೆ, ಒಂಬತ್ತು ಗಂಟೆಯ ದಾರಿಯನ್ನು ನಾನು ವಾಪಸು ಹೇಗೆ ಓಡಿಸಲಿ?

ಅವಳೇ ಕರೆಯಲಿ. ಅವಳ ಕೈಬರಹದಲ್ಲಿ ಒಂದು ಸಾಲು. ‘ವರ್ಲಿನ್, ಬಾ’ ಎಂದರೆ ಸಾಕು. ಅದಕ್ಕಿಂತ ಹೆಚ್ಚು ಬೇಡ, ಕಮ್ಮಿಯೂ ಬೇಡ.

ಆರನೆಯ ತಾರೀಖಿನಿಂದ ಬೆಟ್ಟದ ಮೇಲೆ ಎಲ್ಕ್ ಕಡವೆ ಬೇಟೆಯ ಶಿಬಿರದಲ್ಲಿರುತ್ತೇನೆ. ಆ ಸಾಲನ್ನು ಲೈಲ್‌ನ ಅಂಗಡಿಯ ವಿಳಾಸಕ್ಕೆ ಕಳಿಸಿದರೆ ಅವನು ಬೆಟ್ಟ ಹತ್ತಿ ಬಂದು ಕೊಡುತ್ತಾನೆ.

ಹೊಸ ಹಾಳೆ ನೋಡಿದೆ. ಮೊದಲಿಗಿಂತ ಕೆಟ್ಟಿದೆ. ನಾನು ಹೇಳಿದ್ದನ್ನು ಅವಳು ಮಾಡುತ್ತಿಲ್ಲ. ಎಂದೂ ಮಾಡಿದವಳಲ್ಲ.

ವರ್ಲಿನ್


ಬಾಯ್ಸಿ
ನವೆಂಬರ್ ೨೭

ಅಪ್ಪ,

ಹದಿನೈದರಂದು ನಾನು ಲೈಲ್‌ಗೆ ಫೋನ್ ಮಾಡಿದೆ. ಅವನು ಬೆಟ್ಟ ಹತ್ತಿ, ನಿನ್ನನ್ನು ಹುಡುಕಿ, ನೀನು ಗಾಡಿ ಓಡಿಸಿ ಇಲ್ಲಿಗೆ ಬರುವಷ್ಟರಲ್ಲಿ ಅಮ್ಮನ ಹಾಸಿಗೆಯ ಬಟ್ಟೆ ಬದಲಾಗಿತ್ತು. ಅವಳ ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ನೀನು ಕೊನೆಯ ಬೆಂಚಿನಲ್ಲಿ ಹ್ಯಾಟನ್ನು ಮಡಿಲಲ್ಲಿಟ್ಟು ಕೂತಿದ್ದೆ. ನಾನು ತಿರುಗಿ ತಿರುಗಿ ನೋಡಿದೆ. ಹಾಡು ಮುಗಿದ ಮೇಲೆ ನೋಡಿದರೆ ಬೆಂಚು ಖಾಲಿ.

ಈಗ ನಾನು ಕೊಟ್ಟ ಮಾತಿಗೆ ಅರ್ಥವಿಲ್ಲ. ಬರೆಯುತ್ತೇನೆ.

ಊರಾಚೆ ಬಾಡಿಗೆ ಮನೆ ಎಂಬುದು ಇಲ್ಲ. ನಾವಿದ್ದದ್ದು ಹಲ್ಲಿನ ಡಾಕ್ಟರ ಮಹಡಿಯ ಮೇಲೆ, ಪೇಟೆಯ ನಡುವೆ. ಪಿಸ್ತೂಲು ಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಫೆಬ್ರವರಿಯಲ್ಲಿ ಅಮ್ಮನಿಗೆ ಕ್ಯಾನ್ಸರ್ ಎಂದರು. ಬೇಸಿಗೆಯ ಕೊನೆಗೆ, ಇನ್ನು ಔಷಧಿ ಬೇಡ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅವತ್ತು ಸಂಜೆ ಸೂಪು ಕುಡಿಯುತ್ತಾ ಅಮ್ಮ, ನಿಮ್ಮಪ್ಪನಿಗೆ ಒಂದು ಕಾಗದ ಬರಿ ಅಂದಳು. ನಿನ್ನ ಕಾಯಿಲೆ ತಿಳಿಸಲೇ ಎಂದು ಕೇಳಿದೆ. ಬೇಡ ಅಂದಳು. ‘ಕಾಯಿಲೆ ಅಂದ್ರೆ ಅವನು ಹೆದರಿ ಎರಡು ಸಾಲು ಬರೀತಾನೆ. ಪಿಸ್ತೂಲಿನ ವಿಷಯ ಕೇಳು. ನಿಲ್ಲಿಸೋದೇ ಇಲ್ಲ. ನನಗೆ ಅವನ ಸದ್ದು ಕೇಳಬೇಕು ಟ್ರೂಡಿ.’

ನೀನು ಹಾಳೆ ಕಳಿಸು ಅಂದಾಗ ನಾನೇ ಹಾರಿಸುತ್ತೇನೆ ಅಂದೆ. ಒಪ್ಪಲಿಲ್ಲ. ಊರಿನ ಹೆಂಗಸರೆಲ್ಲರ ಹಾಳೆ ಓದಿದವನು ತನ್ನ ಹೆಂಡತಿಯದನ್ನು ಮಾತ್ರ ಓದಿಲ್ಲ ಅಂದಳು. ಔಷಧಿ ಅವಳ ಬೆರಳುಗಳ ಸ್ಪರ್ಶವನ್ನು ತಿಂದುಹಾಕಿತ್ತು. ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಚಮಚ ಜಾರಿ ಬೀಳುತ್ತಿತ್ತು. ರೇಂಜಿನ ಹೆಂಗಸು ಹಿಂದೆ ನಿಂತು ಭುಜ ಹಿಡಿದಳು, ನಾನು ಗುಂಡು ತುಂಬಿಕೊಟ್ಟೆ, ಅಮ್ಮ ಹಾರಿಸಿದಳು. ಒಂದೊಂದು ತೂತಿಗೂ ಎಷ್ಟು ಹೊತ್ತು ಹಿಡಿಯಿತು ಎಂದು ನಿನಗೆ ಹೇಗೆ ಗೊತ್ತಾಗಬೇಕು? ನೀನು ಸಡಿಲ ಮಣಿಕಟ್ಟು ಎಂದು ಓದಿದೆ. ಹೆದರಿಕೆ ಎಂದು ಓದಿದೆ.

ಅವಳ ಕೈಬರಹದಲ್ಲಿ ಒಂದು ಸಾಲು ಬೇಕು ಅಂದೆಯಲ್ಲ. ಆ ಕಾಗದ ಬಂದ ದಿನ ಅದನ್ನೂ ಓದಿಸಿಕೊಂಡಳು. ಪೆನ್ನು ಕೊಡು ಅಂದಳು. ಹೆಬ್ಬೆರಳಿಗೆ ಪೆನ್ನನ್ನು ಅಂಟುಪಟ್ಟಿಯಿಂದ ಸುತ್ತಿದೆ. ಕಾಗದದ ಮೇಲೆ ಬಂದದ್ದು ಒಂದು ಗೀಟು, ಅದೂ ಅರ್ಧಕ್ಕೆ ನಿಂತಿತು. ಇದನ್ನೇ ಕಳಿಸುತ್ತೇನೆ ಅಂದೆ. ‘ಬೇಡ. ಇದೇನು ಅಂತ ಅವನು ಊರಿಗೆಲ್ಲ ತೋರಿಸಿ ಕಥೆ ಹೇಳ್ತಾನೆ’ ಅಂದಳು. ನಕ್ಕೇ ಅಂದಳು. ನನಗೆ ನಗಲು ಆಗಲಿಲ್ಲ.

ಕಂಬದ ಕಥೆಯನ್ನೂ ಕೇಳಿದೆ. ಅವಳು ಕಣ್ಣು ಮುಚ್ಚಿರಲಿಲ್ಲವಂತೆ. ಪಿಸ್ತೂಲನ್ನು ಎಡಗೈಯಲ್ಲಿ ಎತ್ತಿದಾಗ ನೀನು ಕಿತ್ತು ಬಲಗೈಗೆ ಇಟ್ಟೆಯಂತೆ, ಸಾಲಿನಲ್ಲಿ ಎಲ್ಲರೂ ಬಲಗೈ ಎಂದು. ಇದು ನನ್ನ ಕೈಗೆ ಬರುತ್ತಿಲ್ಲ ಎಂದು ಎರಡು ಸಲ ಹೇಳಿದಳಂತೆ. ನೀನು ಜನರ ಕಡೆ ತಿರುಗಿ ಮಾತಾಡುತ್ತಿದ್ದೆ. ನಿನ್ನ ಕಿವಿ ಆಗ ಚೆನ್ನಾಗಿಯೇ ಇತ್ತು.

ಹದಿಮೂರರ ಬೆಳಿಗ್ಗೆ ನೀಲಿ ಪಿಸ್ತೂಲನ್ನು ಹನ್ನೊಂದು ಸಲ ಎಳೆದಳು. ಆಮೇಲೆ ದಿಂಬಿಗೊರಗಿ ಹೇಳಿದಳು: ‘ನಿಮ್ಮಪ್ಪ ಇಷ್ಟುದ್ದ ಬರೆದ, ಕಪ್ಪೋ ಬೂದೋ ಅಂತ ಮಾತ್ರ ಹೇಳಲೇ ಇಲ್ಲ ನೋಡು.’ ಅರ್ಥವಾಗುವ ಹಾಗೆ ಅವಳು ಆಡಿದ ಕೊನೆಯ ಮಾತು ಅದು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಮಾತು ಉಳಿಸಿಕೊಂಡೆನಲ್ಲ ಎಂದು ನನ್ನ ಮೇಲೆ ಇನ್ನೂ ಹೆಚ್ಚು ಇದೆ.

ಟ್ರೂಡಿ


ಹ್ಯಾರೋ ಬೆಂಡ್
ಡಿಸೆಂಬರ್ ೧೪

ಟ್ರೂಡಿ,

ಹತ್ತನೆಯ ತಾರೀಖು ನಾನು ಬಾಯ್ಸಿಗೆ ಬಂದಿದ್ದೆ. ನಿನ್ನ ಬಾಗಿಲು ತಟ್ಟಲಿಲ್ಲ. ರೇಂಜಿಗೆ ಹೋದೆ.

ಕಪ್ಪು, ಬೂದು, ಎರಡೂ ಬೇಕು ಅಂದೆ. ಗಲ್ಲಾದ ಹಿಂದಿದ್ದ ಹೆಂಗಸು ನನ್ನ ಹೆಸರು ಓದಿ ತಲೆಯೆತ್ತಿದಳು. ‘ಹಾಲ್‌ಸ್ಟೆಡ್’ ಅಂದಳು. ಹೌದು, ಅವಳ ಗಂಡ ಅಂದೆ. ಆರು ವರ್ಷದಿಂದ ಈ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಏನು ಮಾಡಬೇಕೆಂದಿದ್ದೇನೆ ಎಂದು ಅವಳಿಗೆ ಹೇಳಿದೆ. ಬೇರೆ ಯಾರಾದರೂ ಕೇಳಿದ್ದರೆ ಬಿಡುತ್ತಿರಲಿಲ್ಲ ಅಂದಳು. ನನ್ನ ರೇಂಜಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ನಾನೂ ಬಿಡುತ್ತಿರಲಿಲ್ಲ.

ಹೊರಗೆ ಗಾಡಿ ನಿಲ್ಲಿಸುವಲ್ಲಿ ಮಂಜು ರಾಶಿ ಹಾಕಿದ್ದರು. ಎಡಗೈಯನ್ನು ಅದರೊಳಗೆ ಹೂತು ನಿಂತೆ. ಮೊದಲು ಉರಿಯಿತು, ಆಮೇಲೆ ನೋಯಿತು. ಆಮೇಲೆ ಅದು ನನ್ನ ಕೈಯೇ ಅಲ್ಲ ಎಂಬಂತಾಯಿತು. ಒಳಗೆ ಓಡಿದೆ. ಅವಳು ಎರಡೆರಡೇ ಗುಂಡು ತುಂಬಿ, ಹಿಂದೆ ನಿಂತು, ನನ್ನ ಭುಜ ಹಿಡಿದಳು. ನಳಿಗೆ ಗುರಿಯ ಕಡೆಗೇ ಇರುವಂತೆ ಮೊಣಕೈಗೂ ಕೈ ಕೊಟ್ಟಳು. ಕೈ ಬೆಚ್ಚಗಾದಾಗೆಲ್ಲ ಮತ್ತೆ ಮಂಜಿಗೆ ಹೋದೆ. ನಾಲ್ಕು ಸಲ ಹೋದೆ.

ಟ್ರಿಗರ್ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ ಟ್ರೂಡಿ. ಕಣ್ಣಿಂದ ನೋಡಿ ಬೆರಳನ್ನು ಅದರ ಮೇಲೆ ಇಡಬೇಕು. ಎಳೆದೆನೋ ಇಲ್ಲವೋ ಎಂದು ಗೊತ್ತಾಗುವುದು ಸದ್ದಾದ ಮೇಲೆ. ಹೆದರುವುದಕ್ಕೂ ಕೈಗೆ ತಿಳಿವು ಬೇಕು. ಅಲ್ಲಿ ಹೆದರಿಕೆ ಎಂಬುದೇ ಇರಲಿಲ್ಲ. ಹಾಳೆಗಳನ್ನು ತಂದು ನಮ್ಮ ಅಡಿಗೆಮನೆಯ ಕಿಟಕಿಗೆ, ಅವಳವುಗಳ ಪಕ್ಕ ಒತ್ತಿ ಹಿಡಿದೆ. ಕೆಳಗೆ ಬಲಕ್ಕೆ, ಅಗಲಕ್ಕೆ ಚೆಲ್ಲಿವೆ. ನನ್ನವು ಅವಳವಕ್ಕಿಂತ ಅಗಲ. ನಲವತ್ತು ವರ್ಷದ ಮೇಷ್ಟ್ರಿಗಿಂತ ಆ ಕೈ ಚೆನ್ನಾಗಿ ಹಾರಿಸಿತ್ತು. ಅವಳ ಹಾಳೆಗಳ ಬೆನ್ನಿಗೆ ಅದನ್ನೇ ಬರೆದು ಸಹಿ ಹಾಕಿದ್ದೇನೆ. ಇದರೊಳಗಿವೆ. ಬೇಕಾದರೆ ಇಟ್ಟುಕೋ, ಬೇಡವಾದರೆ ಒಲೆಗೆ ಹಾಕು.

ಮಂಜಿನ ಕೈಯಲ್ಲಿ ಕಪ್ಪು ಐದು ಸಲ ಸಿಕ್ಕಿಕೊಂಡಿತು. ಬೂದು ಒಂದು ಸಲವೂ ಇಲ್ಲ.

ಬೂದು ಬಣ್ಣದ್ದು. ಅವಳ ಕೈಗೆ ಬೂದು ಬಣ್ಣದ್ದೇ ಸರಿ.

ಇದನ್ನು ತಿಳಿಯಲು ನಾನು ಬಾಯ್ಸಿಗೆ ಬರಬೇಕಾಗಿರಲಿಲ್ಲ. ಬೆರಳಲ್ಲಿ ಶಕ್ತಿಯಿಲ್ಲ, ಕಪ್ಪಿನ ಸ್ಲೈಡ್ ಬಿಗಿ, ಬೂದಿನದು ಸಲೀಸು ಎಂದು ನೀನು ಸೆಪ್ಟೆಂಬರಿನಲ್ಲೇ ಬರೆದಿದ್ದೆ. ಅಂಗಳದಲ್ಲಿ ನಿಂತು ಓದುವಾಗಲೇ ನನಗೆ ಉತ್ತರ ಗೊತ್ತಿತ್ತು. ಒಂದು ಮಾತಿನ ಉತ್ತರ. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಯುತ್ತಿತ್ತು. ಅದನ್ನು ಹೇಳಿಬಿಟ್ಟರೆ ನೀನು ಇನ್ನೊಂದು ಕಾಗದ ಬರೆಯುವುದಿಲ್ಲ ಎಂದು ಹೆದರಿದೆ. ಅದಕ್ಕೇ ಹಿಡಿ ಅಂದೆ, ಸ್ಲೈಡ್ ಅಂದೆ, ಹಾಳೆ ಅಂದೆ, ಇನ್ನೂರು ಸಲ ಎಳೆ ಅಂದೆ. ಅವಳು ಕೇಳುತ್ತಿದ್ದಾಳೆ ಎಂದು ಗೊತ್ತಾದ ಮೇಲಂತೂ ಹೇಳುವ ಮನಸ್ಸೇ ಬರಲಿಲ್ಲ.

ಈಗ ಹೇಳಿದ್ದೇನೆ. ನೀನು ಕೇಳಿದ್ದು ಇಷ್ಟೇ. ಇನ್ನು ಬರೆಯಲೇಬೇಕೆಂದು ಇಲ್ಲ.

ಅಪ್ಪ